ಮಡಚದ ಬೆರಳು

ನರ್ಸಬಾಯಿಯ ಬಲಗೈ ತೋರುಬೆರಳಿನ ಮೇಲೆ ಹಲ್ಲು ಊರಿದ ಹಳೆಯ ಗುರುತಿತ್ತು. ಆ ಬೆರಳು ಮಡಚುತ್ತಿರಲಿಲ್ಲ. ಸಲೈನಿನ ನಳಿಗೆ ಸರಿಪಡಿಸುವಾಗಲೂ ಅದೊಂದು ನೆಟ್ಟಗೆ ಬೇರೆಯಾಗಿ ನಿಂತಿರುತ್ತಿತ್ತು. ಫಿಟ್ಸ್ ಬಂದವನ ನಾಲಿಗೆ ಉಳಿಸಲು ತನ್ನ ಬೆರಳನ್ನೇ ಕೊಟ್ಟ ಮಹಾತಾಯಿ ಎಂದು ಕಾಗವಾಡದ ಸುತ್ತಿನ ಜನ ಹೇಳುತ್ತಾರೆ. ಹತ್ತು ಜನ ಒಂದೇ ಬಗೆಯಲ್ಲಿ ಹೇಳುವ ಕಥೆಯ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ.

ನನ್ನ ಹೆಂಡತಿಗೆ ಮೆದುಳುಜ್ವರ ಬಂದು, ಮೇಲಿಂದ ಮೇಲೆ ಫಿಟ್ಸ್ ಆಗಿ, ಎಚ್ಚರ ತಪ್ಪಿತು. ಮಿರಜಿನ ವೈದ್ಯರು ತಮ್ಮ ಕೈಲಾದುದನ್ನು ಮಾಡಿ, ಇನ್ನು ಆರೈಕೆಯೇ ಮುಖ್ಯವೆಂದು ಊರ ಸಮೀಪದ ಸಣ್ಣ ಆಸ್ಪತ್ರೆಗೆ ಕಳಿಸಿದರು. ಬದುಕುತ್ತಾಳೆಂದು ಯಾರೂ ಹೇಳಲಿಲ್ಲ. ಅಲ್ಲಿದ್ದವಳು ಈ ನರ್ಸಬಾಯಿ. ಭಾರವಾದ ಮೈ, ಊದಿದ ಪಾದ. ಪ್ರತಿ ಕೆಲಸಕ್ಕೂ ಮುನ್ನ “ಸಾಕಾಗೇತ್ರಿ ಯಪ್ಪಾ” ಎಂದು ಉಸಿರು ಬಿಡುವಳು. ಅನಂತರ ಆ ಕೆಲಸವನ್ನು ಒಂದಿಷ್ಟೂ ಬಿಡದೆ ಮಾಡುವಳು. ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವಾಗ, ಕಲ್ಲಿನಂತೆ ಬಿದ್ದವಳೊಡನೆ ಮಾತಾಡುವಳು: “ಕಾಕೂ, ಎಡಕ್ಕ ಹೊಳ್ಳಸ್ತೀನ್ರಿ, ಅಂಜಬ್ಯಾಡ್ರಿ.”

“ಆಕಿಗೆ ಕೇಳತೈತೇನ್ರಿ?” ಎಂದೆ.

“ನನಗೇನ ಗೊತ್ತರಿ ಕಾಕಾ. ಕೇಳೂದಿಲ್ಲಂತ ನಿಮಗ ಯಾರ ಹೇಳ್ಯಾರ?”

ನಾನೂ ಕಾಲ ಕಡೆ ಹಿಡಿದು ಹೊರಳಿಸತೊಡಗಿದೆ.

ಕೊನೆಗಾಲ ಬಂತೆಂದು ಬಗೆದು ಬೋರಗಾಂವದಿಂದ ನನ್ನ ಅಕ್ಕ ಬಸದಿಯ ಗಂಧೋದಕ, ಜಿನಬಿಂಬಕ್ಕೆ ಅಭಿಷೇಕ ಮಾಡಿದ ನೀರು, ತಂದಳು. ಕಿವಿಯಲ್ಲಿ ಣಮೋಕಾರ ಮಂತ್ರ ಹೇಳಿ, ಚಮಚದಿಂದ ಬಾಯಿಗೆ ನೀರು ಬಿಡಹೋದಳು. ನರ್ಸಬಾಯಿ ಮಣಿಕಟ್ಟು ಹಿಡಿದಳು.

“ಹಣಿಗೆ ಹಚ್ರಿ, ಕಣ್ಣಿಗೆ ಹಚ್ರಿ. ಬಾಯಾಗ ಒಂದ ಹನಿನೂ ಬ್ಯಾಡ್ರಿ.”

“ದೇವರ ನೀರಿಗೂ ಅಡ್ಡ ಬರ್ತೀಯೇನ ಬೇ?”

“ಉಸರಿನ ದಾರ್ಯಾಗ ಇಳದ್ರ ಎಲ್ಲಾ ನೀರೂ ಒಂದರಿ, ಅಕ್ಕಾರ.”

ಆ ಹೊತ್ತಿಗೇ ಫಿಟ್ಸ್ ಬಂತು. ಅಕ್ಕ ಅದೇ ಚಮಚವನ್ನು ಹಲ್ಲಿನ ನಡುವೆ ತುರುಕಲು ಬಗ್ಗಿದಳು. “ನಾಲಿಗಿ ನುಂಗತಾಳಲ್ಲೋ!” ನರ್ಸಬಾಯಿ ಅವಳನ್ನು ಹಿಂದೆ ಸರಿಸಿ, ರೋಗಿಯನ್ನು ಮಗ್ಗುಲಾಗಿಸಿ, ತಲೆಯ ಕೆಳಗೆ ಟವೆಲ್ ಮಡಚಿಟ್ಟು, ಕುತ್ತಿಗೆ ಬಳಿಯ ಗುಂಡಿ ಬಿಚ್ಚಿದಳು. ಕೈಕಾಲು ಅದುಮಿ ಹಿಡಿಯಲಿಲ್ಲ. ಬಾಯಿಯ ನೊರೆ ತಾನಾಗಿ ಹೊರಗೆ ಹರಿಯಿತು. ಗಡಿಯಾರ ನೋಡುತ್ತ ನಿಂತಳು. ನಡುಕ ನಿಂತಿತು. ಆಮೇಲೆ ತನ್ನ ಮಡಚದ ಬೆರಳನ್ನು ಅಕ್ಕನ ಮುಖದ ಮುಂದೆ ಹಿಡಿದಳು.

“ನಾಲಿಗಿ ಯಾರೂ ನುಂಗೂದಿಲ್ರಿ. ನೌಕರಿಗೆ ಹೊಸದಾಗಿ ಬಂದಾಗ ನಾನೂ ನಿಮ್ಮಂಗ ಶ್ಯಾಣ್ಯಾಕಿ ಆಗಿ ಬೆರಳ ಹಾಕಿದ್ನಿ. ಅಂವಂದ ಹಲ್ಲ ಹ್ವಾತು, ನಂದ ಬೆರಳ ಹ್ವಾತು. ಯಾರಿಗಿ ಏನ ಉಳೀತರಿ?”

ಕೆಲವು ದಿನಗಳ ಮೇಲೆ, ಬೆಳಿಗ್ಗೆ ಹೊರಳಿಸುತ್ತಿದ್ದಾಗ ನನ್ನ ಹೆಂಡತಿಯ ತುಟಿ ಅಲುಗಿತು. “ಸಾಕಾಗೇತ್ರಿ ಯಪ್ಪಾ,” ಎಂದಳು. ಮದುವೆಯಾದಂದಿನಿಂದ ಅವಳ ಬಾಯಲ್ಲಿ ನಾನು ಕೇಳಿರದ ಮಾತು ಅದು. ನರ್ಸಬಾಯಿ ಸ್ಟೂಲಿನ ಮೇಲೆ ಕುಸಿದು ಕುಳಿತು, ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು.

ನಿವೃತ್ತಿಯಾದ ಮೇಲೆ ಬಹಳ ದಿನ ನರ್ಸಬಾಯಿ ಬದುಕಲಿಲ್ಲ. ಶೋಕಸಭೆಯಲ್ಲಿ ಮತ್ತೆ ಆ ಮಹಾತಾಯಿಯ ಕಥೆ ಬಂತು. ನಾನು ಎದ್ದು, ಆ ಬೆರಳಿನ ಬಗ್ಗೆ ಆಕೆಯೇ ಆಡಿದ್ದ ಮಾತನ್ನು ಹೇಳಿದೆ, ಯಾರಿಗೂ ರುಚಿಸಲಿಲ್ಲ. ನನ್ನ ಹೆಂಡತಿಯನ್ನು ಬದುಕಿಸಿದ್ದು ಗಂಧೋದಕವೆಂದು ಅಕ್ಕ ಇಂದಿಗೂ ಅನ್ನುತ್ತಾಳೆ. ವಾದಿಸಿ ನನಗೂ ಸಾಕಾಗಿದೆ.

ಹೆಂಡತಿಗೆ ಈಗಲೂ ಅಪರೂಪಕ್ಕೆ ಫಿಟ್ಸ್ ಬರುತ್ತದೆ. ಮಗ್ಗುಲಾಗಿಸುತ್ತೇನೆ, ಟವೆಲ್ ಮಡಚಿಡುತ್ತೇನೆ, ಗಡಿಯಾರ ನೋಡುತ್ತ ಕಾಯುತ್ತೇನೆ. ಅವಳ ಹಲ್ಲುಗಳು ಇದ್ದಂತೆಯೇ ಇವೆ. ನನ್ನ ಹತ್ತೂ ಬೆರಳು ಮಡಚುತ್ತವೆ.