ಗೃಹಪ್ರವೇಶದ ಹಾಲು

ನಂಜನಗೂಡಿನ ದೇವಸ್ಥಾನದ ಹಿಂದಿನ ಹಳೇ ಬೀದಿಯಲ್ಲೇ ಫ್ಲ್ಯಾಟ್ ಕೊಳ್ಳಬೇಕೆಂದು ಹಟ ಹಿಡಿದವನು ನಾನೇ. ಅಲ್ಲಿದ್ದ ಒಂದು ದೊಡ್ಡ ಜಗಲಿಮನೆಗೆ ಅವ್ವ ನಮ್ಮೂರು ಹೆಡತಲೆಯಿಂದ ಬಸ್ಸಿನಲ್ಲಿ ಹಾಲು ತಂದು ಹಾಕುತ್ತಿದ್ದಳು. ಹಿತ್ತಲ ಬಾಗಿಲಲ್ಲಿ ಆ ಮನೆಯ ಯಜಮಾನಿ ಪಾತ್ರೆ ಇಟ್ಟು ಹಿಂದೆ ಸರಿಯುವರು. ಅವ್ವ ಪಾತ್ರೆ ಮುಟ್ಟದೆ ಮೇಲಿನಿಂದ ಸುರಿಯುವಳು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಅವಳನ್ನು ಒಳಗೆ ಕರೆಯಲಿಲ್ಲ. ಆ ಮನೆ ಕೆಡವಿ ಫ್ಲ್ಯಾಟ್ ಕಟ್ಟಿದಾಗ ಅದರಲ್ಲೇ ಒಂದನ್ನು ಕೊಂಡೆ. ಇನ್ನು ಅವ್ವ ಮುಂಬಾಗಿಲಿನಿಂದಲೇ ಬರುತ್ತಾಳೆಂದು ಬೀಗಿದೆ. ಎಂಥ ಮೂರ್ಖ ನಾನು!

ಗೃಹಪ್ರವೇಶದ ಬೆಳಿಗ್ಗೆ, ಒಲೆಯ ಮೇಲೆ ಉಕ್ಕಿಸುವುದಕ್ಕೆ ಅವ್ವ ನಮ್ಮ ಹಸುವಿನ ಹಾಲನ್ನೇ ಕರೆದು ತಂದಳು. ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲವಲ್ಲ ಎಂದು ಹೊರಗೆ ನೋಡಿದರೆ, ಎದುರು ಫ್ಲ್ಯಾಟಿನ ಮುಂದೆ ಖಾಲಿ ಕ್ಯಾನ್ ಹಿಡಿದು ನಿಂತಿದ್ದಾಳೆ. ಜಾಗ ಕೊಟ್ಟಿದ್ದಕ್ಕೆ ಹಳೇ ಮನೆಯ ಯಜಮಾನಿಗೆ ಸಿಕ್ಕಿದ ಫ್ಲ್ಯಾಟು ಅದು. ಅವರು ತುಂಬಿದ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

"ಅದು ನಮ್ಮನೇಲಿ ಉಕ್ಕಿಸೋ ಹಾಲು ಕಣವ್ವಾ!" ಎಂದು ಕಿರುಚಿದೆ.

ಅವ್ವ ತಲೆ ತಗ್ಗಿಸಿದಳು.

"ಅಮ್ಮೋರು ಪಾತ್ರೆ ಇಟ್ರು ಕಣ್ಲಾ. ಕೈ ತಾನೇ ಸುರುದ್ಬುಡ್ತು."