ಲಿಲ್ಲಿ ಬಾಯಿಯ ಪ್ಲಸ್ ಗುರುತು

ಲಿಲ್ಲಿ ಬಾಯಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಡಾಕ್ಟರ ಚೀಟಿ, ಮಂಗಳೂರಿನ ಲ್ಯಾಬಿನ ಕವರು, ಗಿರಾಕಿಯ ನೆನಪು ಎಲ್ಲವೂ ಅನುಮಾನವೇ. ಕಾರ್ಕಳದ ತಮ್ಮ ಕನ್ನಡಕದಂಗಡಿಗೆ ಯಾವ ಕನ್ನಡಕ ಬಂದರೂ ತೋಳು ಚಾಚಿ ಹಿಡಿದು, ಎದುರು ಗೋಡೆಯಲ್ಲಿ ಕೆಂಪು ಬಣ್ಣದಿಂದ ಬರೆದ ಪ್ಲಸ್ ಗುರುತನ್ನು ಅದರೊಳಗಿಂದ ನೋಡುತ್ತ ಅತ್ತಿತ್ತ ಅಲ್ಲಾಡಿಸುತ್ತಿದ್ದರು. ಕ್ರೈಸ್ತರ ಅಂಗಡಿಯಲ್ಲವೇ, ಶಿಲುಬೆಯೇ ಇರಬೇಕೆಂದು ಕೈಮುಗಿದ ಗಿರಾಕಿಗಳೂ ಇದ್ದಾರೆ. "ಮುಗಿಯಲಿ ಬಿಡು, ನಮಗೆಂತ ನಷ್ಟ?" ಎನ್ನುತ್ತಿದ್ದರು ಬಾಯಿ.

ನಾನು ಅಲ್ಲಿ ಕೆಲಸಕ್ಕೆ ಸೇರಿದ್ದು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡನೇ ಸಲ ಡುಮ್ಕಿ ಹೊಡೆದ ಮೇಲೆ. ಈ ಜನ್ಮದಲ್ಲಿ ಇನ್ನು ಲೆಕ್ಕದ ತಂಟೆಗೆ ಹೋಗುವುದಿಲ್ಲ ಎಂದು ಶಪಥ ಮಾಡಿದ್ದೆ. ಗಾಜು ಒರೆಸುವುದು, ಚೀಟಿ ನೋಡಿ ಆರ್ಡರ್ ಬರೆಯುವುದು, ಅದಕ್ಕೆಂಥ ಗಣಿತ? ಗಿರಾಕಿಗಳ ಹತ್ತಿರ ತುಳು, ಫೋನಿನಲ್ಲಿ ಮಗಳ ಹತ್ತಿರ ಕೊಂಕಣಿ ಮಾತಾಡುವ ಬಾಯಿ, ಸಿಟ್ಟು ಬಂದಾಗ ಮತ್ತು ಪಾಠ ಹೇಳುವಾಗ ಕನ್ನಡಕ್ಕೆ ಬರುತ್ತಿದ್ದರು. ನನ್ನ ಪಾಲಿಗೆ ಹೆಚ್ಚಾಗಿ ಕನ್ನಡವೇ ಬಂತು.

ಮೊದಲ ತಿಂಗಳಲ್ಲೇ ಎಡವಟ್ಟಾಯಿತು. ಅಜೆಕಾರಿನ ಟೈಲರ್ ಗಿರಿಜಕ್ಕ ಹೊಲಿಗೆಗೆಂದೇ ಬೇರೆ ಕನ್ನಡಕ ಕೇಳಿದ್ದರು. ಚೀಟಿಯಲ್ಲಿ ದೂರಕ್ಕೆ ಮೈನಸ್ ಎರಡು, ಹತ್ತಿರ ನೋಡಲು ಅದಕ್ಕೆ ಪ್ಲಸ್ ಮೂರು ಕೂಡಿಸಬೇಕು ಎಂದಿತ್ತು. ಎರಡಕ್ಕೆ ಮೂರು ಕೂಡಿಸಿದರೆ ಐದು, ಮುಂದೆ ಮೈನಸ್ ಇದೆಯಲ್ಲ, ಅದೂ ಇರಲಿ ಎಂದು ಮೈನಸ್ ಐದು ಬರೆದು ಲ್ಯಾಬಿಗೆ ಕಳಿಸಿದೆ. ಕನ್ನಡಕ ಬಂದ ದಿನ ಬಾಯಿ ಶಿರ್ವಕ್ಕೆ ಮದುವೆಗೆ ಹೋಗಿದ್ದರು. ನಾನೇ ಕೊಟ್ಟುಬಿಟ್ಟೆ.

ಮರುದಿನವೇ ಗಿರಿಜಕ್ಕ ವಾಪಸು ಬಂದರು. "ನೂಲೂ ಕಾಣುವುದಿಲ್ಲ, ಸೂಜಿಯೂ ಕಾಣುವುದಿಲ್ಲ ಬಾಯಿ. ಮದುವೆಯ ರವಿಕೆಗಳು ರಾಶಿ ಬಿದ್ದಿದೆ. ನಾನೆಂತ ಮಾಡುವುದು?" ಎಂದು ಕನ್ನಡಕವನ್ನು ಮೇಜಿನ ಮೇಲಿಟ್ಟರು. ಅವರು ಹೋದದ್ದೇ ತಡ, ನಾನು ಬ್ಯಾಗು ಹೆಗಲಿಗೇರಿಸಿದೆ.

"ಬ್ಯಾಗು ಅಲ್ಲಿಡು," ಎಂದರು ಬಾಯಿ. "ಓಡುವುದಾದರೆ ಲೆಕ್ಕ ಕಲಿತು ಓಡು."

ಕಣ್ಣು ಪರೀಕ್ಷೆಯ ಗಾಜುಗಳ ಪೆಟ್ಟಿಗೆ ತೆರೆದು ಮೈನಸ್ ಎರಡರ ಗಾಜು ಕೈಗಿಟ್ಟರು. ಗೋಡೆಯ ಗುರುತು ನೋಡುತ್ತ ಅಲ್ಲಾಡಿಸಿದೆ. ಗಾಜು ಹೋದ ಕಡೆಗೇ ಗುರುತೂ ಹೋಯಿತು. ಪ್ಲಸ್ ಎರಡರ ಗಾಜಿನಲ್ಲಿ ಗುರುತು ಎದುರು ದಿಕ್ಕಿಗೆ ಓಡಿತು. ಎರಡನ್ನೂ ಒಂದರ ಮೇಲೊಂದು ಇಟ್ಟು ಅಲ್ಲಾಡಿಸಿದರೆ ನಿಂತಲ್ಲೇ ನಿಂತಿತು.

"ಅದು ಸೊನ್ನೆ," ಎಂದರು ಬಾಯಿ. "ಒಂದನ್ನೊಂದು ತಿಂದು ಮುಗಿಸಿದವು. ಈಗ ಪ್ಲಸ್ ಎರಡು ತೆಗಿ, ಪ್ಲಸ್ ಮೂರು ಹಾಕು."

ಗುರುತು ಸ್ವಲ್ಪವೇ ಸ್ವಲ್ಪ, ಎದುರು ದಿಕ್ಕಿಗೆ ಜಾರಿತು.

"ಎಷ್ಟು ಉಳಿಯಿತು? ಯಾವ ಕಡೆ?"

"ಒಂದು. ಪ್ಲಸ್ ಕಡೆ."

"ನೀನು ಬರೆದದ್ದೆಂತ ಮಾರಾಯ್ತಿ?"

ಶಾಲೆಯಲ್ಲಿ ಇದನ್ನೇ ಬೋರ್ಡಿನ ಮೇಲೆ ಎಷ್ಟು ಸಲ ಬರೆಸಿದ್ದರೋ. ಕಣ್ಣಾರೆ ಕಂಡದ್ದು ಅಂದೇ. ಹೊಸ ಕನ್ನಡಕ ಬಂದಾಗ ಅಜೆಕಾರಿಗೆ ಬಸ್ಸಿನಲ್ಲಿ ನನ್ನೊಬ್ಬಳನ್ನೇ ಕಳಿಸಿದರು. ಗಿರಿಜಕ್ಕ ಒಂದೇ ಸಲಕ್ಕೆ ಸೂಜಿಗೆ ನೂಲು ಪೋಣಿಸಿದರು. ಬೈಯಲಿಲ್ಲ, ಚಾ ಕೊಟ್ಟರು. ಬೈದಿದ್ದರೇ ವಾಸಿ ಎನಿಸಿತು.

ಅಲ್ಲಿಂದ ನನಗೂ ಹಠ ಹಿಡಿಯಿತು. ದಿನಾ ಬಾಗಿಲು ಹಾಕುವ ಮೊದಲು ಐದು ಲೆಕ್ಕ. ರಸ್ತೆ ದಾಟುವಾಗಲೂ ಬಾಯಿ ನನ್ನನ್ನು ಬಿಡುತ್ತಿರಲಿಲ್ಲ. "ಮೈನಸ್ ನಾಲ್ಕು, ಮೈನಸ್ ಒಂದು?" "ಮೈನಸ್ ಐದು ಬಾಯಿ. ಎರಡೂ ಒಂದೇ ಕಡೆಯವು." "ಮೈನಸ್ ಏಳು, ಪ್ಲಸ್ ನಾಲ್ಕು?" ತಡವರಿಸಿದರೆ, "ಗುರುತು ಮೊದಲು, ಅಂಕೆ ಆಮೇಲೆ. ದೊಡ್ಡದು ಯಾರ ಕಡೆ ಉಂಟು ನೋಡು," ಎಂದು ಅಲ್ಲೇ ನಿಂತುಬಿಡುತ್ತಿದ್ದರು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಗಣಿತದ ಪರೀಕ್ಷೆಗೆ ಮತ್ತೆ ಕೂತು ಮೂರನೇ ಸಲಕ್ಕೆ ಪಾಸಾದೆ. ಅಂಕ ಹೇಳಿದಾಗ ಬಾಯಿ "ಅಷ್ಟೇಯಾ?" ಎಂದರು. ಎಂದವರು ಸಂಜೆಯೊಳಗೆ ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಲಾಡು ಹಂಚಿದ್ದರು.

ಅದೇ ವಾರ ತಮ್ಮದೇ ಚೀಟಿ ತಂದು ನನ್ನ ಮುಂದಿಟ್ಟರು. ಪ್ರಾರ್ಥನೆ ಪುಸ್ತಕ ಓದಲಿಕ್ಕೆ ಕನ್ನಡಕ ಬೇಕಿತ್ತು. ದೂರಕ್ಕೆ ಮೈನಸ್ ಆರು, ಕೂಡಿಸಬೇಕಾದದ್ದು ಪ್ಲಸ್ ಮೂರು. ಮೈನಸ್ ಮೂರು ಎಂದು ಬರೆದು, "ನೋಡಿ ಬಾಯಿ," ಎಂದು ಚಾಚಿದೆ. ನೋಡಲಿಲ್ಲ. ತಯಾರಾಗಿ ಬಂದ ಕನ್ನಡಕವನ್ನೂ ಗೋಡೆಗೆ ಹಿಡಿಯದೆ ನೇರ ಮೂಗಿಗೇರಿಸಿಕೊಂಡರು. ಡಾಕ್ಟರನ್ನೂ ನಂಬದವರು! ನನಗೆ ಎಷ್ಟು ಖುಷಿಯಾಯಿತೋ ಅಷ್ಟೇ ಹೆದರಿಕೆಯೂ ಆಯಿತು. ಸರಿಯಾಗಿ ಕಾಣುತ್ತದಾ ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಕಳೆದ ವರ್ಷ ಬಾಯಿ ತೀರಿಕೊಂಡರು. ಅಂಗಡಿಯನ್ನು ಈಗ ನಾನು ನಡೆಸುತ್ತೇನೆ. ಮೊನ್ನೆ ಅವರ ಮಗಳು ಬಂದು ಆ ಕನ್ನಡಕ ಕೊಟ್ಟರು. "ಅಮ್ಮ ಕೊನೆಯವರೆಗೂ ಇದರಲ್ಲೇ ಓದಿದ್ದು. ಯಾರಿಗಾದರೂ ಆಗ್ತದಾ ನೋಡಿ," ಎಂದರು.

ಅವರು ಹೋದ ಮೇಲೆ ಕನ್ನಡಕವನ್ನು ತೋಳು ಚಾಚಿ ಗೋಡೆಯ ಕಡೆ ಹಿಡಿದೆ. ಪೆಟ್ಟಿಗೆಯಿಂದ ಪ್ಲಸ್ ಮೂರರ ಗಾಜು ತೆಗೆದು ಅದರ ಮೇಲಿಟ್ಟೆ. ಎರಡನ್ನೂ ಸೇರಿಸಿ ಅತ್ತಿತ್ತ ಅಲ್ಲಾಡಿಸಿದೆ. ಕೆಂಪು ಗುರುತು ನಿಂತಲ್ಲಿಂದ ಕದಲಲಿಲ್ಲ.

"ಸರಿ ಉಂಟು ಬಾಯಿ," ಎಂದೆ, ಗಟ್ಟಿಯಾಗಿಯೇ. ಬೆಂಚಿನಲ್ಲಿ ಕಾಯುತ್ತಿದ್ದ ಗಿರಾಕಿ ತಲೆಯೆತ್ತಿ ನೋಡಿದರು.