ಅಮಾವಾಸ್ಯೆಯ ದಿನ ಖಾಲಿಯಿದ್ದ ಮಗ್ಗದ ಗುಂಡಿ

‘ಶಾಲೆಯ ಕುರ್ಚಿ ಬಿಟ್ಟು ಏಳಲಿಲ್ಲ, ಅದಕ್ಕೇ ಮಗಳ ಕಾಲು ಕುಂಟಾಯಿತು.’ ತಮಿಳುನಾಡಿನ ಕುನ್ನತ್ತೂರಿನ ನಮ್ಮ ನೇಕಾರರ ಬೀದಿಯಲ್ಲಿ, ಅಲ್ಲೇ ಬದುಕಿದ್ದ ಮುಖ್ಯೋಪಾಧ್ಯಾಯಿನಿಯೊಬ್ಬರ ಬಗ್ಗೆ ಇಂದಿಗೂ ಹೇಳುವ ಮಾತಿದು. ನಾನು ಇದನ್ನು ಒಪ್ಪುವುದಿಲ್ಲ.

ಅವರ ಕೈಗಳನ್ನು ಕಂಡ ಯಾರೂ ಒಪ್ಪಬಾರದಿತ್ತು. ಬಲಗೈ ಬೆರಳುಗಳಲ್ಲಿ ಸೀಮೆಸುಣ್ಣ. ಎಡಗೈ ಉಗುರುಗಳ ಸುತ್ತ, ನೂಲಿಗೆ ಹಚ್ಚಿದ ಗಂಜಿ ಒಣಗಿ ಕಟ್ಟಿದ ಬಿಳಿಯ ಪೊರೆ. ನಮ್ಮದು ಪಕ್ಕದ ಮನೆ. ಬೆಳಗಿನ ಐದಕ್ಕೇ ಅವರ ರಾಟೆಯ ಸದ್ದು ಕೇಳುತ್ತಿತ್ತು. ಗಂಡನ ಮಗ್ಗಕ್ಕೆ ಬೇಕಾದ ನೂಲು ಸುತ್ತಿಟ್ಟು, ಎರಡು ಮಕ್ಕಳಿಗೆ ಉಣಿಸಿ, ಎಂಟೂವರೆಗೆ ಶಾಲೆಗೆ ಹೊರಡುತ್ತಿದ್ದರು. ಎಂಬತ್ತರ ದಶಕದಲ್ಲಿ ನಮ್ಮ ಬೀದಿಯಿಂದ ಆ ಹುದ್ದೆಗೇರಿದ ಹೆಂಗಸು ಅವರೊಬ್ಬರೇ.

“ಊರ ಮಕ್ಳಿಗೆಲ್ಲ ಇವಳು ಪಾಠ ಹೇಳ್ತಾಳೆ, ಇವಳ ಮಕ್ಳ ಮೂಗು ಒರೆಸಕ್ಕೆ ನಾನು,” ಎಂದು ಅವರ ಅತ್ತೆ ಜಗಲಿಯಿಂದಲೇ ಕುಟುಕುತ್ತಿದ್ದರು.

“ಅದಕ್ಕೇ ಅಲ್ವಾ ಅತ್ತೆ, ಮನೆಗೆ ನಿಮ್ಮನ್ನೇ ಹೆಡ್ ಮಾಡಿರೋದು!” ಎಂದು ಇವರು ನಗುತ್ತ ಬೀದಿಯ ತಿರುವು ದಾಟುತ್ತಿದ್ದರು.

ಮೂರನೆಯ ತರಗತಿಗೇ ಶಾಲೆ ಬಿಟ್ಟ ನನಗೆ ತಮಿಳಿನ ನಾಲ್ಕಕ್ಷರ ಬರುತ್ತಿತ್ತು. ಮನೆಮಾತಾದ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಭಾನುವಾರಗಳಂದು ಅದೇ ಜಗಲಿಯ ಮೇಲೆ ಅವರು ನನಗೆ ಕನ್ನಡ ತಿದ್ದಿಸಿದರು. ನಾನು ಯಾವುದಾದರೂ ಗಾಳಿಮಾತು ತಂದರೆ, “ನೋಡಿದೋರು ಯಾರಣ್ಣಾ?” ಎಂದು ಕೇಳುತ್ತಿದ್ದರು.

ಹೀಗೆ ಕಲಿತ ನಾನೇ ಬೀದಿಯ ಮಾತನ್ನು ವರ್ಷಗಟ್ಟಲೆ ನಂಬಿದ್ದೆ. ಮೂರು ವರ್ಷದ ಅವರ ಮಗಳು, ನೇಕಾರ ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿಗೆ ಬಿದ್ದ ದಿನ ನಾನು ಕಾಂಗೇಯದ ನೆಂಟರಲ್ಲಿಗೆ ಹೋಗಿದ್ದೆ. ಶಾಲೆಗೆ ತಪಾಸಣಾಧಿಕಾರಿ ಬಂದಿದ್ದರೆಂದೂ, ಸುದ್ದಿ ಮುಟ್ಟಿದರೂ ತಾಯಿ ಬರಲಿಲ್ಲವೆಂದೂ ಮರುದಿನ ಕೇಳಿದೆ. ಕೇಳಿದ್ದನ್ನು ಬೇರೆಯವರಿಗೂ ಹೇಳಿದೆ.

ಅವರು ನಿವೃತ್ತರಾದ ಮೇಲೆ ಒಂದು ಬೆಳಗ್ಗೆ ನೇಯಲೆಂದು ನನ್ನ ಮಗ್ಗದ ಗುಂಡಿಗೆ ಕಾಲಿಳಿಸಿದವನು ಹಾಗೆಯೇ ನಿಂತುಬಿಟ್ಟೆ. ನೇಕಾರ ಕುಳಿತಿರುವ ಗುಂಡಿಗೆ ಮಗು ಬೀಳುವುದು ಹೇಗೆ? ಅವರ ಗಂಡ ಹಗಲಿಡೀ ಆ ಗುಂಡಿ ಬಿಟ್ಟು ಏಳುತ್ತಿದ್ದುದು ಅಮಾವಾಸ್ಯೆಯಂದು ಮಾತ್ರ. ಅಂದು ನಮ್ಮಲ್ಲಿ ಯಾರೂ ನೇಯುವುದಿಲ್ಲ. ನಾನು ಕಾಂಗೇಯಕ್ಕೆ ಹೋದದ್ದೂ ಮಗ್ಗಕ್ಕೆ ರಜೆಯೆಂದೇ. ಹಾಗಾದರೆ ಅಂದು ಟೀಚರಮ್ಮನೊಬ್ಬರನ್ನು ಬಿಟ್ಟು ಆ ಮನೆಯವರೆಲ್ಲ ಮನೆಯಲ್ಲೇ ಇದ್ದರು! ನೇರವಾಗಿ ಅವರಲ್ಲಿಗೆ ಹೋದೆ.

“ಟೀಚರಮ್ಮ, ಅವತ್ತು ಅಮಾವಾಸೆ ಅಲ್ವಾ?”

ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. “ಮಗ್ಗದೋರು ನೀವು. ಇಷ್ಟು ವರ್ಷ ಬೇಕಾಯ್ತಾ ಅಣ್ಣಾ?”

“ಮನೇಲಿ ಯಾರೂ ನೋಡ್ಲಿಲ್ವಾ?”

“ಗಂಡಸ್ರು ಕವಡೆ ಹಾಕಿ ದಾಯ ಆಡ್ತಿದ್ರು. ಕೂಸು ಅತ್ತೆ ಹತ್ರ ಇತ್ತು, ಅವರಿಗೆ ಕಣ್ಣು ಹತ್ತಿತ್ತು. ನನಗೆ ತಿಳಿಯೋ ಮೊದಲೇ ಸರಿ ಮಾಡೋಣ ಅಂತ, ಮಗ್ಗದ ಬಿದಿರು ಕೋಲಿಟ್ಟು ಕಾಲು ಕಟ್ಟಿ ಮಲಗಿಸಿದ್ರು.”

“ನಿಮಗೆ ಆಳು ಕಳಿಸ್ಲಿಲ್ವಾ?”

“ಇಸ್ಕೂಲು ಎರಡೇ ಬೀದಿ ದೂರ ಅಣ್ಣಾ. ಯಾರೂ ಬರ್ಲಿಲ್ಲ.”

“ಮತ್ತೆ ತಪ್ಪು ನಿಮ್ದು ಅಂದಾಗ ಯಾಕೆ ಸುಮ್ಮನಿದ್ರಿ?”

“ಅತ್ತೇದು ಅಂದಿದ್ರೆ ಅವತ್ತೇ ಗಂಟು ಕಟ್ಕೊಂಡು ಮಗಳ ಮನೆಗೆ ಹೋಗ್ತಿದ್ರು. ಆಮೇಲೆ ಎರಡು ಕೂಸನ್ನ ಯಾರ ಕೈಲಿ ಬಿಟ್ಟು ಇಸ್ಕೂಲಿಗೆ ಹೋಗ್ಲಿ? ನಂದು ಅಂತ ಇರ್ಲಿ ಅಂದ್ಕೊಂಡೆ. ಕೆಲಸ ಉಳೀತು.” ನನ್ನನ್ನೇ ನೋಡಿದರು. “ನೀವೂ ಹೇಳಿದ್ರಂತೆ, ಅಣ್ಣಾ. ಕೇಳ್ದೆ.”

ಅವರು ಗದರಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮತ್ತೆ ಅವರೆಕಾಯಿ ಬಿಡಿಸತೊಡಗಿದರು.

ಈಗ ಅವರಿಲ್ಲ. ಹದಿಮೂರನೆಯ ದಿನದ ಊಟದ ಸಾಲಿನಲ್ಲಿಯೂ ಅದೇ ಮಾತು ಕೇಳಿ, ಎಲೆ ಬಿಟ್ಟೆದ್ದು ಬಂದೆ. ಮರುದಿನ ಅವರ ಮಗಳನ್ನೂ ಕರೆದುಕೊಂಡು ಶಾಲೆಗೆ ಹೋಗಿ ಹಳೆಯ ಕಡತ ತೆಗೆಸಿದೆ. ಆ ಅಮಾವಾಸ್ಯೆಯ ಮರುದಿನ ಅವರು ಬರೆದ ರಜೆಯ ಅರ್ಜಿಯ ಪ್ರತಿ ಅಲ್ಲಿದೆ, ಕೇಳಿದವರಿಗೆ ತೋರಿಸುತ್ತಾರೆ. ತಮಿಳಿನಲ್ಲಿರುವ ಅದನ್ನು ಅಕ್ಷರ ಬಿಡದೆ ಕನ್ನಡಕ್ಕೆ ತಂದಿದ್ದೇನೆ: ‘ನಿನ್ನೆ ಬೆಳಗ್ಗೆ ಹನ್ನೊಂದಕ್ಕೆ ನನ್ನ ಮಗಳು ಬಿದ್ದು ಕಾಲು ಮುರಿದಿದೆ. ಸಂಜೆ ನಾಲ್ಕೂ ಹತ್ತಕ್ಕೆ ಮನೆಗೆ ಬಂದ ಮೇಲೆ ನನಗೆ ತಿಳಿಯಿತು. ಕೋಯಮತ್ತೂರಿನ ಆಸ್ಪತ್ರೆಗೆ ಕರೆದೊಯ್ಯಲು ಮೂರು ದಿನ ರಜೆ ಬೇಕು.’